ಮೂರನೆಯ ತಂತಿ

ಪುಣೆಯ ಬುಧವಾರ ಪೇಠೆಯಲ್ಲಿ, ತಾಪ್ಕೀರ್ ಗಲ್ಲಿಯ ಆಸುಪಾಸಿನ ಅಂಗಡಿಗಳಲ್ಲಿ, ಎಂಜಿನಿಯರಿಂಗ್ ಓದುವ ಮಕ್ಕಳು ಕೊಳ್ಳುವ ಸಾಮಾನು ಹೆಚ್ಚುಕಡಿಮೆ ಒಂದೇ ಬಗೆಯದು: ಒಂದು ಆರ್ಡುಯಿನೋ ಊನೊ ಬೋರ್ಡು, ಒಂದು ನೋಡ್‌ಎಂಸಿಯು, ಒಂದು ಹಿಡಿ ಜಂಪರ್ ವೈರು, ನಾಲ್ಕಾರು ರೆಸಿಸ್ಟರು. ಅಂಗೈಯಗಲವೂ ಇಲ್ಲದ ಈ ಎರಡು ಬೋರ್ಡುಗಳು ಒಂದರೊಡನೊಂದು ಮಾತಾಡಲು ಮೂರು ತಂತಿ ಸಾಕು. ಇದರ ಟಿಎಕ್ಸ್ ಪಿನ್ನಿನಿಂದ ಅದರ ಆರ್‌ಎಕ್ಸ್‌ಗೆ ಒಂದು, ಅದರ ಟಿಎಕ್ಸ್‌ನಿಂದ ಇದರ ಆರ್‌ಎಕ್ಸ್‌ಗೆ ಇನ್ನೊಂದು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. ಮೂರನೆಯದು ಗ್ರೌಂಡ್‌ನಿಂದ ಗ್ರೌಂಡ್‌ಗೆ. ಅದರಲ್ಲಿ ಯಾವ ಸುದ್ದಿಯೂ ಹೋಗುವುದಿಲ್ಲ, ಹಾಗಾಗಿ ಹೊಸಬರು ಮರೆಯುವುದೂ ಅದನ್ನೇ. ಮರೆತರೆ ಪರದೆಯ ಮೇಲೆ ಬರುವುದು ಕಸ, ಇಲ್ಲವೇ ಏನೂ ಇಲ್ಲ. ಈ ಸಣ್ಣ ಏರ್ಪಾಡನ್ನು ಗಮನವಿಟ್ಟು ನೋಡಿದರೆ, ನಮ್ಮ ಧರ್ಮಗ್ರಂಥಗಳು ಬಹುಕಾಲ ಜಗ್ಗಾಡಿದ ಒಂದು ಪ್ರಶ್ನೆಗೆ, ಅಂದರೆ ಶಾಸ್ತ್ರವನ್ನು ಕೇಳಲು ಯಾರಿಗೆ ಅಧಿಕಾರ ಎಂಬ ಪ್ರಶ್ನೆಗೆ, ಒಂದು ದಾರಿ ಕಾಣುತ್ತದೆ. ಅಧಿಕಾರ ಎನ್ನುವುದು ಕೇಳುವವನ ಮೈಯಲ್ಲಿರುವ ಗುಣವಲ್ಲ, ಹೇಳುವವನಿಗೂ ಕೇಳುವವನಿಗೂ ನಡುವೆ ಇರುವ, ಇಲ್ಲದಿದ್ದರೆ ಮಾಡಿಕೊಳ್ಳಬೇಕಾದ ಏರ್ಪಾಡು. ಇದು ನನ್ನ ವಾದ.

ಮೊದಲು ತಂತಿಯಲ್ಲಿ ಹೋಗುವುದು ಏನು ಎಂದು ನೋಡಬೇಕು. ಸುಮ್ಮನಿರುವಾಗ ಊನೊದ ಟಿಎಕ್ಸ್ ತಂತಿ 5 ವೋಲ್ಟ್‌ನಲ್ಲಿ ಎತ್ತರಕ್ಕೆ ನಿಂತಿರುತ್ತದೆ. ಹೇಳುವುದಿದ್ದಾಗ ಒಮ್ಮೆ ಕೆಳಗಿಳಿಯುತ್ತದೆ. ಅದು ಸ್ಟಾರ್ಟ್ ಬಿಟ್, 'ಕೇಳು' ಎಂಬ ಕರೆ. ಆಮೇಲೆ ಎಂಟು ಬಿಟ್‌ಗಳು ಒಂದರ ಹಿಂದೊಂದು, ಕೊನೆಗೆ ಸ್ಟಾಪ್ ಬಿಟ್. ವೇಗ ಸೆಕೆಂಡಿಗೆ 9600 ಬಿಟ್ ಎಂದು ಇಟ್ಟುಕೊಂಡಿದ್ದರೆ ಒಂದೊಂದು ಬಿಟ್‌ಗೆ ಸಿಗುವ ಕಾಲ ಸುಮಾರು 104 ಮೈಕ್ರೊಸೆಕೆಂಡು. ಎರಡು ಬೋರ್ಡುಗಳ ನಡುವೆ ಗಡಿಯಾರದ ತಂತಿ ಬೇರೆ ಇಲ್ಲ. ಕೇಳುವ ಬೋರ್ಡು ತನ್ನ ಗಡಿಯಾರವನ್ನೇ ನಂಬಿ, ಪ್ರತಿ ಬಿಟ್‌ನ ನಟ್ಟನಡುವೆ ತಂತಿಯನ್ನು ನೋಡುತ್ತದೆ. ಊನೊದಲ್ಲಿರುವ ಚಿಪ್ಪು ಮೂರು ಸಲ ನೋಡಿ ಬಹುಮತದಂತೆ ಸೊನ್ನೆಯೋ ಒಂದೋ ತೀರ್ಮಾನಿಸುತ್ತದೆ. ಹತ್ತು ಬಿಟ್ ಮುಗಿಯುವುದರೊಳಗೆ ಎರಡು ಗಡಿಯಾರಗಳು ಅರ್ಧ ಬಿಟ್‌ನಷ್ಟು ಬೇರೆಯಾದರೂ ಲೆಕ್ಕ ತಪ್ಪಿತು. ಒಂದು ಕಡೆ 9600, ಇನ್ನೊಂದು ಕಡೆ 4800 ಎಂದು ಬರೆದಿದ್ದರಂತೂ ಹೋದದ್ದು ಒಂದು, ಮುಟ್ಟಿದ್ದು ಇನ್ನೊಂದು. ಆಗಲೂ ಕೇಳುವ ಬೋರ್ಡು ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ. ತನಗೆ ಕಂಡ ಅಕ್ಷರಗಳನ್ನೇ, ಅವು ಎಷ್ಟೇ ವಿಚಿತ್ರವಾಗಿರಲಿ, ನಿಷ್ಠೆಯಿಂದ ಮುಂದಿಡುತ್ತದೆ.

ಬಿಡಿಬಿಡಿಯಾಗಿ, ಕ್ರಮವಾಗಿ ಬಂದದ್ದು ಕೊನೆಗೆ ಒಂದಾಗಿ ಹೊಳೆಯುವುದು ಹೇಗೆ? ಈ ಪ್ರಶ್ನೆ ಯಂತ್ರಗಳಿಗಿಂತ ಬಹಳ ಹಳೆಯದು. ಕನ್ನಡದ ಕೇಶಿರಾಜ 13ನೆಯ ಶತಮಾನದಲ್ಲಿ, ಜೈನ ಮತದ ಪ್ರಕಾರ, ಶಬ್ದ ಎಂಬುದೊಂದು ದ್ರವ್ಯ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವಂಥದು, ಅದರ ಬಣ್ಣ ಬಿಳಿ ಎಂದ. ಬಣ್ಣದ ಮಾತು ಹಾಗಿರಲಿ, ಶಬ್ದಕ್ಕೆ ಮೈಯೊಂದಿದೆ ಎಂಬ ಅವನ ಮಾತನ್ನು ಮಲ್ಟಿಮೀಟರ್ ಹಿಡಿದವರು ತಳ್ಳಿಹಾಕಲಾರರು. ಭರ್ತೃಹರಿ ವಾಕ್ಯಪದೀಯದಲ್ಲಿ ಬೇರೆ ದಾರಿ ಹಿಡಿದ: ಅರ್ಥ ಕೊಡುವುದು ಅಖಂಡವಾದ ಸ್ಫೋಟ, ಬಿಡಿ ವರ್ಣಗಳು ಅದನ್ನು ಹೊರಗೆ ತೋರುವ ಧ್ವನಿ ಮಾತ್ರ. ಮೀಮಾಂಸಕರು ಒಪ್ಪಲಿಲ್ಲ, ಹಿಂದಿನ ವರ್ಣಗಳು ಬಿಟ್ಟುಹೋದ ಸಂಸ್ಕಾರದ ಜೊತೆಗೆ ಕೊನೆಯ ವರ್ಣ ಸೇರಿದಾಗ ಅರ್ಥ ತಿಳಿಯುತ್ತದೆ, ಸ್ಫೋಟವೆಂಬ ಹೊಸ ವಸ್ತು ಬೇಡ ಎಂದರು. ಶಂಕರರೂ ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧ್ಯಾಯ, ಮೂರನೆಯ ಪಾದದ 28ನೆಯ ಸೂತ್ರದಲ್ಲಿ ಈ ಪಕ್ಷವನ್ನೇ ವಹಿಸಿ, ಇರುವೆಗಳ ಉದಾಹರಣೆ ಕೊಡುತ್ತಾರೆ: ಕ್ರಮವಾಗಿ ಸಾಗುವ ಇರುವೆಗಳೇ ನಮ್ಮ ಬುದ್ಧಿಯಲ್ಲಿ 'ಸಾಲು' ಆಗಿ ತೋರುತ್ತವೆ, ಸಾಲು ಎಂಬ ಬೇರೊಂದು ಪದಾರ್ಥವಿಲ್ಲ. ಕೇಳುವ ಬೋರ್ಡಿನ ಶಿಫ್ಟ್ ರಿಜಿಸ್ಟರನ್ನು ಬಣ್ಣಿಸಲು ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದು. ಬಂದ ಪ್ರತಿ ಬಿಟ್ ಹಿಂದಿನದನ್ನು ಒಂದು ಮನೆ ಮುಂದಕ್ಕೆ ತಳ್ಳಿ ಕೂರುತ್ತದೆ. ಎಂಟನೆಯದು ಬಂದ ಕ್ಷಣ ಬೈಟ್ ಸಿದ್ಧ. ಆದರೂ ಭರ್ತೃಹರಿಯನ್ನು ಸುಲಭವಾಗಿ ಸೋಲಿಸಲಾಗದು. ಹರಿಯುತ್ತಿರುವ ಬಿಟ್‌ಗಳ ನಡುವೆ ಎಲ್ಲೋ ಕಿವಿಗೊಟ್ಟ ಬೋರ್ಡು ಯಾವುದೋ ಬಿಟ್ಟನ್ನು ಸ್ಟಾರ್ಟ್ ಎಂದು ತಿಳಿದು ಮುಂದಿನದ್ದನ್ನೆಲ್ಲ ತಪ್ಪಾಗಿ ಕತ್ತರಿಸುತ್ತದೆ. ಇಡಿಯ ಅಳತೆ ಮೊದಲೇ ತಿಳಿದಿರದಿದ್ದರೆ ಬಿಡಿಗೆ ಗುರುತೇ ಇಲ್ಲ.

ಈ ಹಳೆಯ ಜಗಳವೂ ಹೊಸ ಯಂತ್ರವೂ ಪುಣೆಯಲ್ಲಿ ಒಂದೇ ಅಂಗಳದಲ್ಲಿ ಬೆಳೆದವು ಎಂಬುದು ಬರಿಯ ಕಾಕತಾಳೀಯವಿರಬಹುದು, ಆದರೆ ಸೊಗಸಾದದ್ದು. 1960ರ ದಶಕದಲ್ಲಿ ಡೆಕ್ಕನ್ ಕಾಲೇಜು ಕೆ. ಎ. ಸುಬ್ರಹ್ಮಣ್ಯ ಅಯ್ಯರ್ ಸಂಪಾದಿಸಿದ ವಾಕ್ಯಪದೀಯದ ಭಾಗಗಳನ್ನು ಹೊರತಂದಿತು. ಗಣೇಶಖಿಂಡಿನ ವಿಶ್ವವಿದ್ಯಾಲಯದಿಂದ 1967ರಲ್ಲಿ ಎಸ್. ಡಿ. ಜೋಶಿಯವರು ಕೌಂಡಭಟ್ಟನ ಸ್ಫೋಟನಿರ್ಣಯವನ್ನು ಪ್ರಕಟಿಸಿದರು. ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ನೆಲೆಗೊಂಡಿದ್ದ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರನ್ನು ಕಟ್ಟಿತು. ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳನ್ನು ಸೀರಿಯಲ್ ಕೊಂಡಿಗಳಿಂದ ಒಂದಕ್ಕೊಂದು ಹೆಣೆದ ಯಂತ್ರ ಅದು. ಹುಡುಗರು ಮೇಜಿನ ಮೇಲೆ ಎರಡು ಬೋರ್ಡಿಗೆ ಮಾಡುವುದನ್ನು ಹತ್ತಾರು ಪ್ರೊಸೆಸರುಗಳಿಗೆ ಮಾಡಿದ್ದು. ಅದೇ ಸಂಸ್ಥೆ ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಇಸ್ಕಿಯ ಕೆಲಸದಲ್ಲೂ ಇತ್ತು. ಆ ಪಟ್ಟಿಯಲ್ಲಿ 179 ಎಂದರೆ ಕಕಾರ. ಆ ಸಂಖ್ಯೆ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಲಿಪಿ ಯಾವುದೆಂದು ಮೊದಲೇ ಹೇಳಿಟ್ಟಂತೆ ಒಂದು ಪರದೆಯಲ್ಲಿ ಕನ್ನಡದ ಕ, ಇನ್ನೊಂದರಲ್ಲಿ ದೇವನಾಗರಿಯ ಕ ಆಗಿ ಮೂಡುತ್ತದೆ. ಈಗಿನ ಯೂನಿಕೋಡ್ ರೂಢಿಯಲ್ಲಿ ನಮ್ಮ 'ಅ' ತಂತಿಯ ಮೇಲೆ 224, 178, 133 ಎಂಬ ಮೂರು ಬೈಟುಗಳಾಗಿ ಹೋಗುತ್ತದೆ. ಮೂರರಲ್ಲಿ ಒಂದೂ 'ಅ' ಅಲ್ಲ. ಹಳೆಯ ಯುರೋಪಿಯನ್ ಪಟ್ಟಿ ಹಿಡಿದು ಓದುವ ಯಂತ್ರಕ್ಕೆ ಮೊದಲ ಬೈಟು ತಲೆಯ ಮೇಲೆ ಓರೆಗೀಟು ಹೊತ್ತ ಫ್ರೆಂಚರ 'ಎ' ಆಗಿ ಕಾಣುತ್ತದೆ. ಹಾಗಾದರೆ ಅರ್ಥವಿರಲಿ, ಅಕ್ಷರವೇ ತಂತಿಯಲ್ಲಿ ಹೋಗಲಿಲ್ಲ. ಹೋದದ್ದು ಏರಿಳಿತ. ಅಕ್ಷರ ಆದದ್ದು ಆಚೆಯ ದಡದಲ್ಲಿ, ಮೊದಲೇ ಆಗಿದ್ದ ಒಪ್ಪಂದದ ಬಲದಿಂದ.

ಆ ಒಪ್ಪಂದವನ್ನೂ ಅದೇ ತಂತಿಯಲ್ಲಿ ಕಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ವೇಗವನ್ನು ತಾನಾಗಿ ಕಂಡುಕೊಳ್ಳುವ ಬೋರ್ಡುಗಳು ಇರುವುದು ನಿಜ. ಕಳಿಸುವವನು ಮೊದಲು 'ಯು' ಎಂಬ ಇಂಗ್ಲಿಷ್ ಅಕ್ಷರವನ್ನು ಕಳಿಸುತ್ತಾನೆ; ಅದರ ಬಿಟ್‌ಗಳು ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಸಮನಾಗಿ ಕುಣಿಯುವುದರಿಂದ ಕೇಳುವವನು ಒಂದು ಬಿಟ್‌ನ ಅಗಲವನ್ನು ಅಳೆದುಕೊಳ್ಳುತ್ತಾನೆ. ಆದರೆ ಮೊದಲು ಬರುವುದು 'ಯು' ಎಂದು ಅವನಿಗೆ ಯಾರು ಹೇಳಿದರು? ಒಪ್ಪಂದ ಒಂದು ಮೆಟ್ಟಿಲು ಕೆಳಗಿಳಿಯಿತು, ಅಷ್ಟೆ. ಮೀಮಾಂಸಕರು ನೈಯಾಯಿಕರನ್ನು ಕೆಣಕಿದ್ದು ಇದೇ ಜಾಗದಲ್ಲಿ: 'ಈ ಪದಕ್ಕೆ ಈ ಅರ್ಥ' ಎಂದು ಸಂಕೇತ ಮಾಡಲು ಮೊದಲೇ ಪದಗಳು ಬೇಕಲ್ಲ. ಮೊದಲ ಸಂಕೇತ ಈಶ್ವರನದು ಎಂಬುದು ನ್ಯಾಯದ ಉತ್ತರ. ಬೋರ್ಡುಗಳ ಮಟ್ಟಿಗೆ ಪ್ರೋಗ್ರಾಂ ಬರೆಯುವ ಹುಡುಗಿಯೇ ಆ ಈಶ್ವರಿ. ಎರಡು ಕಡೆಯೂ 9600 ಎಂದು ಬರೆದವಳು ಅವಳು. ಇದರಿಂದ ದೇವರಿದ್ದಾನೆಂದು ಸಾಧಿಸಲು ಹೊರಡುವುದು ದುಡುಕು, ಏಕೆಂದರೆ ಆ ಹುಡುಗಿಯೂ ಸಂಖ್ಯೆಗಳನ್ನು ಯಾರಿಂದಲೋ ಕಲಿತಳು. ಮಗು ಮಾತು ಕಲಿಯುವುದನ್ನು ವಿವರಿಸುವಾಗ ಎರಡೂ ಪಕ್ಷದವರು ಬಳಸುವ ನಿದರ್ಶನ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ಹಿರಿಯನೊಬ್ಬ 'ಹಸುವನ್ನು ತಾ' ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ, ಪಕ್ಕದಲ್ಲಿ ಕೂತ ಮಗು ನೋಡುತ್ತದೆ. ಮಗುವಿಗೆ ದನಿಯೊಂದೇ ಸಿಕ್ಕಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಕಣ್ಣ ಮುಂದೆ ಹಸು ನಡೆದು ಬಂತು. ಮೂವರಿಗೂ ಕಾಣುವ ಆ ಹಸು ಮೂರನೆಯ ತಂತಿ.

ಇಲ್ಲಿ ತಂತ್ರಜ್ಞಾನ ಬಲ್ಲವರು ತಡೆಯಬಹುದು. ಗ್ರೌಂಡ್ ತಂತಿ ಅನಿವಾರ್ಯವೇನಲ್ಲ. ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರ್ ಇದೆ, ಬ್ಲೂಟೂತ್ ಇದೆ, ಎರಡು ತಂತಿಗಳ ವ್ಯತ್ಯಾಸವನ್ನೇ ಓದುವ ಆರ್‌ಎಸ್-485 ಇದೆ. ಒಪ್ಪಬೇಕಾದ ಮಾತು. ಆದರೆ ಅಲ್ಲೆಲ್ಲ ಬದಲಾದದ್ದು ಆಧಾರದ ಜಾಗ. 5 ವೋಲ್ಟ್ ಎಂಬುದು ತನ್ನಷ್ಟಕ್ಕೆ ಏನೂ ಅಲ್ಲ, ಯಾವುದಕ್ಕಿಂತ 5 ಎಂದು ಕೇಳಲೇಬೇಕು. ಕತ್ತಲಿಗೆ ಹೋಲಿಸಿ ಬೆಳಕು, ಒಂದು ತಂತಿಗೆ ಹೋಲಿಸಿ ಇನ್ನೊಂದು. ಇಬ್ಬರೂ ಒಂದೇ ಕಡೆಯಿಂದ ಅಳೆಯಲೇಬೇಕು. ಜಡ ಬೋರ್ಡಿಗೂ ಚೇತನನಾದ ಶಿಷ್ಯನಿಗೂ ಎಲ್ಲಿಯ ಸಾಮ್ಯ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೋರ್ಡು ಅರ್ಥ ಮಾಡಿಕೊಳ್ಳುವುದಿಲ್ಲ, ನಿಜ. ನಾನು ಅದರಿಂದ ತಿಳಿವಳಿಕೆ ಎಂದರೇನು ಎಂದು ಹೇಳಹೊರಟಿಲ್ಲ. ತಿಳಿವಳಿಕೆ ಶುರುವಾಗುವ ಮೊದಲೇ ಎಷ್ಟು ಸಂಗತಿಗಳು ಸರಿಯಿರಬೇಕು ಎಂದು ಮಾತ್ರ ಹೇಳುತ್ತಿದ್ದೇನೆ. ಬರಿಯ ಏರಿಳಿತ ದಾಟಿಸುವುದಕ್ಕೇ ಇಷ್ಟು ಏರ್ಪಾಡು ಬೇಕಾದರೆ ಬ್ರಹ್ಮವಿದ್ಯೆಗೆ ಕಡಿಮೆ ಬೇಕೆಂದು ಯಾರೂ ಹೇಳಲಾರರು.

ಹೇಳಿಯೂ ಇಲ್ಲ. ಬ್ರಹ್ಮಸೂತ್ರದ ಮೊದಲ ಪದವಾದ 'ಅಥ'ಕ್ಕೆ ಶಂಕರರು ಕೊಡುವ ಅರ್ಥ 'ಆ ಬಳಿಕ' ಎಂದು. ಯಾವುದರ ಬಳಿಕ ಎಂದರೆ ವಿವೇಕ, ವೈರಾಗ್ಯ, ಶಮದಮಾದಿಗಳು ಮತ್ತು ಮುಮುಕ್ಷುತ್ವ ಎಂಬ ನಾಲ್ಕರ ಬಳಿಕ. ಮಾತಿಗೆ ಮೊದಲೇ ನೆಲ ಸಿದ್ಧವಾಗಬೇಕು ಎಂಬ ತಿಳಿವು ಇದರಲ್ಲಿದೆ, ಮತ್ತು ಈ ನಾಲ್ಕರಲ್ಲಿ ಹುಟ್ಟಿಗೆ ಸಂಬಂಧಿಸಿದ್ದು ಒಂದೂ ಇಲ್ಲ. ಆದರೆ ಇರುವೆ ಸಾಲಿನ ಆ 28ನೆಯ ಸೂತ್ರದಿಂದ ಆರು ಸೂತ್ರ ಮುಂದೆ ನಡೆದರೆ ಅದೇ ಪಾದದಲ್ಲಿ ಅಪಶೂದ್ರಾಧಿಕರಣ ಎದುರಾಗುತ್ತದೆ. 34ರಿಂದ 38ರವರೆಗಿನ ಈ ಸೂತ್ರಗಳಲ್ಲಿ ಶೂದ್ರನಿಗೆ ವೇದಮೂಲಕವಾದ ವಿದ್ಯೆಯಲ್ಲಿ ಅಧಿಕಾರವಿಲ್ಲ ಎಂದು ಸಾಧಿಸಲಾಗಿದೆ. ಶಂಕರರ ತರ್ಕವನ್ನು ನ್ಯಾಯವಾಗಿ ಮುಂದಿಡಬೇಕು. ಶೂದ್ರನಿಗೆ ಬುದ್ಧಿಯಿಲ್ಲ ಎಂದು ಅವರು ಹೇಳುವುದಿಲ್ಲ. ಬಯಕೆಯಿದ್ದರೆ ಸಾಲದು, ಲೌಕಿಕ ಸಾಮರ್ಥ್ಯವಿದ್ದರೂ ಸಾಲದು, ಶಾಸ್ತ್ರೀಯ ಸಾಮರ್ಥ್ಯ ಬೇಕು; ಅದು ಬರುವುದು ಅಧ್ಯಯನದಿಂದ, ಅಧ್ಯಯನಕ್ಕೆ ಉಪನಯನ ಬೇಕು, ಉಪನಯನ ಮೂರು ವರ್ಣಗಳಿಗಷ್ಟೆ. ವಿದುರ, ಧರ್ಮವ್ಯಾಧರಂಥವರಿಗೆ ಜ್ಞಾನವಾದದ್ದನ್ನೂ ಇತಿಹಾಸ ಪುರಾಣಗಳ ದಾರಿ ನಾಲ್ಕೂ ವರ್ಣಗಳಿಗೆ ತೆರೆದಿರುವುದನ್ನೂ ಅವರೇ ಒಪ್ಪುತ್ತಾರೆ. ಅಂದರೆ ತಡೆ ಇರುವುದು ಕಿವಿಯಲ್ಲಲ್ಲ, ಕೊಂಡಿಯಲ್ಲಿ. ಆ ಕೊಂಡಿಯನ್ನು ಕೊಡುವ ಕೈ ಇನ್ನೊಬ್ಬರದು. ಗ್ರೌಂಡ್ ತಂತಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು, ನಿನ್ನ ಬೋರ್ಡಿನಲ್ಲಿ ಅಕ್ಷರ ಮೂಡುತ್ತಿಲ್ಲವಲ್ಲ ಎಂದ ಹಾಗಾಯಿತು.

ಮೂರನೆಯ ತಂತಿಯ ಬಗ್ಗೆ ಇನ್ನೊಂದು ಸಂಗತಿ ಇದೆ, ಅದು ಕೆಲಸ ಮಾಡುವವರಿಗೆಲ್ಲ ಗೊತ್ತು. ಎರಡೂ ಬೋರ್ಡುಗಳನ್ನು ಒಂದೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರೆ ಗ್ರೌಂಡ್ ತಂತಿ ಹಾಕದಿದ್ದರೂ ಮಾತುಕತೆ ನಡೆಯುತ್ತದೆ, ಯುಎಸ್‌ಬಿ ಕೇಬಲಿನೊಳಗೇ ಗ್ರೌಂಡ್ ಒಂದಾಗಿರುತ್ತದೆ. ಹಾಗೆ ನಡೆಸಿ ರೂಢಿಯಾದವನು ಒಂದು ಬೋರ್ಡಿಗೆ ಬ್ಯಾಟರಿ ಹಾಕಿ ದೂರವಿಟ್ಟ ದಿನ ಕಂಗಾಲಾಗುತ್ತಾನೆ. ಅಗ್ರಹಾರದಲ್ಲಿ ಹುಟ್ಟಿದ ಮಗುವಿನ ಕಥೆಯೂ ಇದೇ. ತೊಟ್ಟಿಲಿನಲ್ಲೇ ಸ್ವರ ಕಿವಿಗೆ ಬಿದ್ದಿರುತ್ತದೆ, ಸಂಸ್ಕೃತದ ನೂರಾರು ಪದ ಮನೆಮಾತಿನಲ್ಲೇ ಸೇರಿರುತ್ತದೆ, ಯಾವಾಗ ಏಳಬೇಕು ಎಲ್ಲಿ ಕೂರಬೇಕು ಎಂಬುದೆಲ್ಲ ಕೇಳದೆ ಬಂದಿರುತ್ತದೆ. ಕಣ್ಣಿಗೆ ಕಾಣದ ಕೇಬಲಿನಲ್ಲಿ ಬಂದ ಈ ಆಧಾರವನ್ನು ಅದು ತನ್ನ ಬೋರ್ಡಿನ ಉತ್ಕೃಷ್ಟತೆ ಎಂದು ತಿಳಿಯುವುದು ಸಹಜ, ಆದರೆ ತಪ್ಪು.

ಶಾಸ್ತ್ರನಿಷ್ಠರ ಉತ್ತರ ಹೀಗಿರಬಹುದು: ಅಧಿಕಾರ ವಿಧಿಯಿಂದ ಬರುವಂಥದು, ಯುಕ್ತಿಯಿಂದಲ್ಲ, ತಂತಿಯ ದೃಷ್ಟಾಂತದಿಂದ ವಿಧಿಯನ್ನು ಅಳೆಯಬೇಡಿ. ಈ ಉತ್ತರ ಕೊಡುವವರೊಡನೆ ನನ್ನ ಜಗಳ ಕಡಿಮೆ. ಅವರು ತಮ್ಮ ಮಾತನ್ನು ಬರಿಯ ವಿಧಿಯೆಂದು ಹೇಳಿ ಅದರ ಹೊಣೆ ಹೊರುತ್ತಾರೆ. ಕಷ್ಟ ಇರುವುದು 'ಅವರಿಗೆ ಅರ್ಥವಾಗುವುದಿಲ್ಲ, ಅದಕ್ಕೇ ಹೇಳಲಿಲ್ಲ' ಎಂದು ನಯವಾಗಿ ಸಮರ್ಥಿಸುವವರೊಡನೆ. ಅವರ ಹೇತು ಕೆಟ್ಟದ್ದು. ವೇಗ ತಪ್ಪಾಗಿದ್ದರೂ ಪರದೆಯ ಮೇಲೆ ಕಸವೇ, ಗ್ರೌಂಡ್ ಇಲ್ಲದಿದ್ದರೂ ಕಸವೇ, ಚಿಪ್ಪು ಸುಟ್ಟುಹೋಗಿದ್ದರೂ ಕಸವೇ ಅಥವಾ ಮೌನ. ಒಂದೇ ಗುರುತು ಮೂರು ಬೇರೆ ಬೇರೆ ಕಾರಣಗಳ ಜೊತೆ ಕಾಣುವಾಗ ಅದರಿಂದ ಒಂದನ್ನೇ ಊಹಿಸುವುದಕ್ಕೆ ನ್ಯಾಯಶಾಸ್ತ್ರದಲ್ಲಿ ಸವ್ಯಭಿಚಾರ ಎಂಬ ಹೆಸರಿದೆ. ರಿಪೇರಿ ಬಲ್ಲವರು ಮೊದಲು ತಂತಿ ಮುಟ್ಟಿ ನೋಡುತ್ತಾರೆ, ಆಮೇಲೆ ವೇಗ, ಬೋರ್ಡನ್ನು ಕಸದ ಬುಟ್ಟಿಗೆ ಹಾಕುವ ಮಾತು ಕಟ್ಟಕಡೆಗೆ. ಹಾಗೆಂದು ಎಲ್ಲ ಬೋರ್ಡುಗಳೂ ಸಮ ಎಂದು ನಾನು ಹೇಳುತ್ತಿಲ್ಲ. ಊನೊದ ಸೀರಿಯಲ್ ಬಫರಿನಲ್ಲಿ 64 ಬೈಟುಗಳಿಗಷ್ಟೇ ಜಾಗ. ಒಳಗಿನ ಪ್ರೋಗ್ರಾಂ ಅವನ್ನು ಬೇಗ ಎತ್ತಿಕೊಳ್ಳದಿದ್ದರೆ ಮೇಲೆ ಬಂದದ್ದು ಚೆಲ್ಲಿಹೋಗುತ್ತದೆ. ಸಾಮರ್ಥ್ಯದಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ಅದನ್ನು ಅಳೆಯಲು ಕೊಂಡಿ ಮೊದಲು ಸರಿಯಿರಬೇಕು, ಮತ್ತು ಅಳೆದ ಮೇಲೆ ಬರುವ ತೀರ್ಮಾನ 'ನಿಧಾನವಾಗಿ ಹೇಳು' ಎಂದೇ ಹೊರತು 'ಹೇಳಬೇಡ' ಎಂದಲ್ಲ.

ಹೊಣೆ ಯಾರದು ಎಂಬ ವಿಷಯದಲ್ಲಿ ಈ ಬೋರ್ಡುಗಳು ಇನ್ನೂ ಖಚಿತವಾಗಿ ಮಾತಾಡುತ್ತವೆ. ಊನೊ 5 ವೋಲ್ಟಿನದು, ನೋಡ್‌ಎಂಸಿಯು 3.3 ವೋಲ್ಟಿನದು. ಸಣ್ಣದರ ದನಿ ದೊಡ್ಡದಕ್ಕೆ ಹಾಗೆಯೇ ಕೇಳಿಸುತ್ತದೆ. 3 ವೋಲ್ಟ್ ದಾಟಿದ್ದನ್ನೆಲ್ಲ ಊನೊ 'ಒಂದು' ಎಂದು ಒಪ್ಪಿಕೊಳ್ಳುತ್ತದೆ. ಆದರೆ ದೊಡ್ಡದು ತನ್ನ ಪೂರ್ತಿ ದನಿಯಲ್ಲಿ ಕೂಗಿದರೆ ಸಣ್ಣದರ ಪಿನ್ನು ಕೆಡುವ ಅಪಾಯವಿದೆ. ಅದಕ್ಕೆ ಊನೊದ ಟಿಎಕ್ಸ್ ತಂತಿಯಲ್ಲಿ 1 ಕಿಲೊ-ಓಮ್ ಮತ್ತು 2 ಕಿಲೊ-ಓಮ್‌ನ ಎರಡು ರೆಸಿಸ್ಟರು ಹಾಕಿ ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತಾರೆ. ತಗ್ಗುವುದು ಹೆಚ್ಚಿರುವವನ ಕಡೆಯಲ್ಲಿ. 12ನೆಯ ಶತಮಾನದ ವಚನಕಾರರು ಕನ್ನಡದಲ್ಲಿ ಮಾತಾಡಿದ್ದು, 1290ರಲ್ಲಿ ಜ್ಞಾನದೇವರು ಗೀತೆಯನ್ನು ಮರಾಠಿಗೆ ತಂದದ್ದು ಇಂಥ ಇಳಿಕೆ. ಕೇಳುಗರೆಲ್ಲ ಸಂಸ್ಕೃತ ಕಲಿತು ಬರಲಿ ಎಂದು ಅವರು ಕಾಯಲಿಲ್ಲ. ಸಂನ್ಯಾಸಿಯ ಮಕ್ಕಳೆಂದು ಊರವರು ಹೊರಗಿಟ್ಟ ಮನೆಯಿಂದಲೇ ಜ್ಞಾನದೇವರು ಬಂದರು ಎಂಬುದನ್ನು ಅವರ ಪರಂಪರೆಯ ಭಕ್ತರಾದ ವಾರಕರಿಗಳು ಮರೆತಿಲ್ಲ. ಪರಮ್‌ನ ಟ್ರಾನ್ಸ್‌ಪ್ಯೂಟರುಗಳಲ್ಲಂತೂ ಇನ್ನೊಂದು ಶಿಸ್ತು ಇತ್ತು: ಪ್ರತಿ ಬೈಟಿಗೂ ಆಚೆಯಿಂದ 'ಮುಟ್ಟಿತು' ಎಂಬ ಮರುಸಂಕೇತ ಬರುವವರೆಗೆ ಕಳಿಸುವವನು ಮುಂದಿನದನ್ನು ಕಳಿಸುವಂತಿಲ್ಲ. ಊನೊಗೆ ಆ ಕಟ್ಟಳೆ ಇಲ್ಲ, ಅದು ಆಕಾಶಕ್ಕೆ ಪ್ರಾರ್ಥಿಸುವವನ ಹಾಗೆ ಹೇಳುತ್ತಲೇ ಹೋಗಬಹುದು. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಭಿಡೆ ವಾಡೆ ಇದ್ದದ್ದು ಈ ಬೋರ್ಡುಗಳು ಸಿಗುವ ಬುಧವಾರ ಪೇಠೆಯಲ್ಲೇ. ಹೆಣ್ಣಿಗೂ ಶೂದ್ರನಿಗೂ ಅಕ್ಷರ ಹತ್ತುವುದಿಲ್ಲ ಎಂಬ ಮಾತಿಗೆ ಅವರು ಕೊಟ್ಟ ಉತ್ತರ ವಾದಗ್ರಂಥವಾಗಿರಲಿಲ್ಲ, ಹಲಗೆ ಬಳಪವಾಗಿತ್ತು.

ಉಳಿದದ್ದು ಅನುಭಾವಿಗಳ ಆಕ್ಷೇಪ. ನಿಜವಾದ ಉಪದೇಶ ಮೌನದಲ್ಲಿ ಆಗುತ್ತದೆ, ಅಲ್ಲಿ ತಂತಿಯೂ ಬೇಡ ಒಪ್ಪಂದವೂ ಬೇಡ ಎನ್ನುತ್ತಾರೆ. ಜ್ಞಾನದೇವರೇ ಅಮೃತಾನುಭವದಲ್ಲಿ ಶಬ್ದಖಂಡನಕ್ಕೆ ಒಂದು ಪ್ರಕರಣವನ್ನು ಮೀಸಲಿಟ್ಟು, ಸ್ವಯಂಪ್ರಕಾಶವಾದುದನ್ನು ಶಬ್ದ ತೋರಿಸಬೇಕಾಗಿಲ್ಲ ಎಂದಿದ್ದಾರೆ. ಇದನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇಲ್ಲ. ಆದರೆ ಮೌನ ಬೇರೆ, ಸಂಪರ್ಕ ಕಡಿದಿರುವುದು ಬೇರೆ. ಸೀರಿಯಲ್ ತಂತಿ ಸುಮ್ಮನಿರುವಾಗ ಎತ್ತರದಲ್ಲಿರಬೇಕೆಂಬ ನಿಯಮ ಟೆಲಿಗ್ರಾಫ್ ಕಾಲದಿಂದ ಬಂದದ್ದು: ಕರೆಂಟು ಹರಿಯುತ್ತಿದ್ದರೆ ಆಚೆ ಯಾರೋ ಸುಮ್ಮನಿದ್ದಾರೆ, ನಿಂತುಹೋಗಿದ್ದರೆ ತಂತಿ ತುಂಡಾಗಿದೆ. ಮೌನವನ್ನು ಮೌನವೆಂದು ಓದಲೂ ಒಂದು ಒಪ್ಪಂದ ಬೇಕಾಯಿತು. ಪುಣೆಯ ಪಕ್ಕದ ಆಳಂದಿಯಲ್ಲಿ ಇಂದಿಗೂ ಹೇಳುವ ಕಥೆಯೊಂದಿದೆ. ಹದಿನಾಲ್ಕು ನೂರು ವರ್ಷ ಬದುಕಿದ್ದನೆನ್ನುವ ಯೋಗಿ ಚಾಂಗದೇವ ಬಾಲಕ ಜ್ಞಾನದೇವನಿಗೆ ಕಾಗದ ಬರೆಯಲು ಕೂತ. ವಯಸ್ಸಿನಲ್ಲಿ ಕಿರಿಯ, ಹಾಗಾಗಿ ಚಿರಂಜೀವಿ ಎನ್ನಬೇಕು. ಜ್ಞಾನದಲ್ಲಿ ಹಿರಿಯ, ಹಾಗಾಗಿ ತೀರ್ಥರೂಪ ಎನ್ನಬೇಕು. ಯಾವುದೆಂದು ತೋಚದೆ ಬರಿಯ ಕಾಗದವನ್ನೇ ಕಳಿಸಿದ. ಅದನ್ನು ಪರಿಪೂರ್ಣ ಮೌನವೆಂದು ಹಾಡಿ ಹೊಗಳುವವರಿದ್ದಾರೆ. ಕಥೆಯನ್ನು ನೆಟ್ಟಗೆ ಓದಿದರೆ ಅದು ಸಂಬೋಧನೆಯಲ್ಲೇ ನಿಂತುಹೋದ ಪತ್ರ, ಸ್ಟಾರ್ಟ್ ಬಿಟ್ ಯಾವುದೆಂದು ತೀರ್ಮಾನವಾಗದೆ ಎತ್ತರದಲ್ಲೇ ಉಳಿದ ತಂತಿ. ಇಷ್ಟು ವರ್ಷ ಬದುಕಿಯೂ ಈ ಕಾಗದದಷ್ಟೇ ಖಾಲಿ ಉಳಿದ ಎಂದು ಜ್ಞಾನದೇವನ ಪುಟ್ಟ ತಂಗಿ ಮುಕ್ತಾಬಾಯಿ ನಕ್ಕಳಂತೆ. ಜ್ಞಾನದೇವ ಆ ಖಾಲಿ ಕಾಗದವನ್ನು ಅಪಾತ್ರನದೆಂದು ಬದಿಗಿಡಲಿಲ್ಲ, ಖಾಲಿಯಾಗಿ ಹಿಂದಿರುಗಿಸಲೂ ಇಲ್ಲ. ಉತ್ತರವಾಗಿ ಮರಾಠಿಯಲ್ಲಿ ಅರವತ್ತೈದು ಓವಿಗಳನ್ನು ಬರೆದು ಕಳಿಸಿದ. ಚಾಂಗದೇವ ಪಾಸಷ್ಟಿ ಎಂಬ ಹೆಸರೇ ಆ ಲೆಕ್ಕದಿಂದ ಬಂದದ್ದು.